ಬಲಗೈ ಮೇಲಿನ ಬಿಸಿಲು

ನನ್ನ ಎರಡೂ ಕೈಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರೆ ಅವು ಬೇರೆ ಬೇರೆಯವರ ಕೈಗಳಂತೆ ಕಾಣುತ್ತವೆ. ಎಡಗೈ ನನ್ನ ಅಮ್ಮನ ಬಣ್ಣ. ಬಲಗೈಯಲ್ಲಿ ಮೊಣಕೈಯಿಂದ ಮಣಿಕಟ್ಟಿನವರೆಗೆ ಕಂದು ಕಲೆಗಳು, ಕೆಲವು ಕಲೆಗಳ ಅಂಚಿನಲ್ಲಿ ಇನ್ನೂ ಆರದ ಕೆಂಪು. ಬಲಗೆನ್ನೆಯ ಕಥೆಯೂ ಇದೇ. ನನಗೆ ಲೂಪಸ್ ಇದೆ, ದೇಹದ ಪ್ರತಿರೋಧ ವ್ಯವಸ್ಥೆ ದೇಹದ ಮೇಲೆಯೇ ಎರಗುವ ರೋಗ. ಈ ಕಲೆಗಳನ್ನು ಮೊದಲ ಸಲ ನೋಡಿದಾಗ ನನ್ನ ಚರ್ಮವೈದ್ಯೆ ಕೇಳಿದ ಪ್ರಶ್ನೆ ಒಂದೇ: "ಕಾರು ನೀವೇ ಓಡಿಸುತ್ತೀರಾ?"

ಮನೆ ಜಯನಗರದಲ್ಲಿ, ಕೆಲಸ ಮಾರತ್ತಹಳ್ಳಿಯ ಹತ್ತಿರ. ಇಬ್ಬಲೂರು ದಾಟಿದ ಮೇಲೆ ಹೊರವರ್ತುಲ ರಸ್ತೆ ಹೆಚ್ಚುಕಡಿಮೆ ಉತ್ತರಕ್ಕೆ ತಿರುಗುತ್ತದೆ. ಬೆಳಿಗ್ಗೆ ಆ ದಾರಿಯಲ್ಲಿ ಹೋಗುವಾಗ ಪೂರ್ವದ ಸೂರ್ಯ ನನ್ನ ಬಲಕ್ಕೆ. ಸಂಜೆ ದಕ್ಷಿಣಕ್ಕೆ ಮರಳುವಾಗ ಪಶ್ಚಿಮದ ಸೂರ್ಯ ಮತ್ತೆ ನನ್ನ ಬಲಕ್ಕೆ. ನಮ್ಮ ದೇಶದಲ್ಲಿ ಚಾಲಕರು ಕೂರುವುದು ಬಲಗಡೆ. ಮೆಟ್ರೊ ಕಂಬಗಳ ನಡುವೆ, ಬೆಳ್ಳಂದೂರಿನ ಉದ್ದಕ್ಕೂ, ಒಂದೊಂದು ಮೀಟರ್ ಸರಿಯಲು ಒಂದೊಂದು ನಿಮಿಷ ತೆಗೆದುಕೊಳ್ಳುವ ಆ ರಸ್ತೆಯಲ್ಲಿ ಬಿಸಿಲು ಕಿಟಕಿಯ ಗಾಜಿನಿಂದ ಇಳಿದು ನೇರ ತೋಳಿನ ಮೇಲೆ ಬಂದು ಕೂರುತ್ತದೆ.

ಗಾಜು ಏರಿಸಿದ್ದರೆ ಬಿಸಿಲು ಸುಡುವುದಿಲ್ಲ ಎಂದು ಬಹಳ ಜನ ನಂಬಿದ್ದಾರೆ. ಅದರಲ್ಲಿ ಅರ್ಧ ನಿಜವಿದೆ. ಬಿಸಿಲಿನ ನೇರಳಾತೀತ (ಯುವಿ) ಕಿರಣಗಳಲ್ಲಿ ಚರ್ಮವನ್ನು ಕೆಂಪಗೆ ಸುಡುವ ಯುವಿ-ಬಿ ಬಗೆಯನ್ನು ಸಾಮಾನ್ಯ ಗಾಜು ಬಹುಪಾಲು ತಡೆಯುತ್ತದೆ. ಅದಕ್ಕಿಂತ ಉದ್ದನೆಯ ತರಂಗದ ಯುವಿ-ಎ ಮಾತ್ರ ಗಾಜನ್ನು ದಾಟಿ ಬರುತ್ತದೆ, ಚರ್ಮದಲ್ಲಿ ಇನ್ನೂ ಆಳಕ್ಕೆ ಇಳಿಯುತ್ತದೆ. ಮೋಡವಿದ್ದರೂ ಬರುತ್ತದೆ, ಚಳಿಗಾಲದಲ್ಲೂ ಬರುತ್ತದೆ. ಸಮುದ್ರಮಟ್ಟದಿಂದ 900 ಮೀಟರಿಗಿಂತ ಎತ್ತರದಲ್ಲಿರುವ ನಮ್ಮೂರಿನ ತಂಪು ಗಾಳಿಯನ್ನು ನೋಡಿ, ಇಲ್ಲಿಯ ಬಿಸಿಲು ಸೌಮ್ಯ ಎಂದುಕೊಳ್ಳುವುದು ನನ್ನಂಥವರಿಗೆ ಅಪಾಯ. ಏಪ್ರಿಲ್ ಕೊನೆಯ ವಾರ ಮತ್ತು ಆಗಸ್ಟ್ ನಡುವಿನಲ್ಲಿ ಸೂರ್ಯ ಬೆಂಗಳೂರಿನ ನೆತ್ತಿಗೆ ಸರಿಯಾಗಿ ಬರುತ್ತಾನೆ. ಮಕ್ಕಳು ಶೂನ್ಯ ನೆರಳಿನ ದಿನ ಎಂದು ಬಾಟಲಿ ನಿಲ್ಲಿಸಿ ನೋಡುತ್ತಾರೆ. ನಾನು ಆ ವಾರಗಳಲ್ಲಿ ಮಧ್ಯಾಹ್ನ ಹೊರಗೆ ಕಾಲಿಡುವುದಿಲ್ಲ.

ಲೂಪಸ್ ಇದ್ದವರ ದೇಹದಲ್ಲಿ ಆಗುವುದು ಇಷ್ಟು. ನೇರಳಾತೀತ ಕಿರಣ ಎಲ್ಲರ ಚರ್ಮದ ಮೇಲ್ಪದರದಲ್ಲೂ ಕೆಲವು ಜೀವಕೋಶಗಳನ್ನು ಸಾಯಿಸುತ್ತದೆ. ಆರೋಗ್ಯವಂತರಲ್ಲಿ ಆ ಸತ್ತ ಕೋಶಗಳು ಸದ್ದಿಲ್ಲದೆ ತೆರವಾಗುತ್ತವೆ. ನಮ್ಮಲ್ಲಿ ಕೋಶದ ಒಳಗಿನ ನ್ಯೂಕ್ಲಿಯಸ್ಸಿನ ಚೂರುಗಳು ಹೊರಬೀಳುತ್ತಲೇ ಪ್ರತಿರೋಧ ವ್ಯವಸ್ಥೆ ಅವುಗಳನ್ನು ಶತ್ರುವೆಂದು ತಿಳಿದು ಎರಗುತ್ತದೆ. ಅದು ಚರ್ಮಕ್ಕೇ ನಿಂತರೆ ಪುಣ್ಯ. ಬಿಸಿಲಿನಿಂದ ಶುರುವಾದ ಕೆರಳಿಕೆ ಕೀಲುಗಳಿಗೆ ಹೋಗಬಹುದು, ಮೂತ್ರಪಿಂಡಕ್ಕೂ ಹೋಗಬಹುದು. ಈ ರೋಗ ಬಂದವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಹೆಂಗಸರು, ಅದರಲ್ಲೂ ದುಡಿಯುವ, ಮಕ್ಕಳನ್ನು ಹೆರುವ ವಯಸ್ಸಿನವರು. "ಮುಖದ ಮೇಲೆ ಏನೋ ಕಲೆ" ಎಂದು ಯಾರಾದರೂ ಹಗುರವಾಗಿ ಹೇಳಿದಾಗ ನನಗೆ ನೆನಪಾಗುವುದು ಮೂತ್ರದಲ್ಲಿ ಪ್ರೋಟೀನ್ ಎಷ್ಟಿದೆ ಎಂದು ನೋಡಲು ಪ್ರಯೋಗಾಲಯದ ಮುಂದೆ ಸಾಲಿನಲ್ಲಿ ಕೂತ ಬೆಳಗುಗಳು.

ಹಾಗಾದರೆ ಕಾರಿನ ಗಾಜಿಗೆ ಯುವಿ ತಡೆಯುವ ತೆಳು ಫಿಲ್ಮ್ ಅಂಟಿಸಿಕೊಳ್ಳಬಾರದೇ ಎಂದು ನೀವು ಕೇಳಬಹುದು. ನಾನು ಅಂಟಿಸಿಕೊಂಡೆ. ನೋಡಿದರೆ ಇದೆಯೆಂದೇ ಗೊತ್ತಾಗದಂಥ, ಬಣ್ಣವಿಲ್ಲದ ಫಿಲ್ಮ್. ಅದಕ್ಕಾಗಿಯೇ ರಸ್ತೆಯಲ್ಲಿ ನನ್ನನ್ನು ನಿಲ್ಲಿಸಿದರು.

ನಿಲ್ಲಿಸಿದ ಪೊಲೀಸರು ಕೆಟ್ಟವರೇನಲ್ಲ. ಬಾಗಿಲಿನ ಗಾಜನ್ನು ಅರ್ಧ ಇಳಿಸಲು ಹೇಳಿ, ಅದರ ಮೇಲಂಚಿನ ಮೇಲೆ ಹೆಬ್ಬೆರಳಿನ ಉಗುರು ಎಳೆದರು. ಫಿಲ್ಮ್ ಇದ್ದರೆ ಅಂಚಿನಲ್ಲಿ ಕೂದಲೆಳೆಯಷ್ಟು ಮೆಟ್ಟಿಲು ಸಿಗುತ್ತದೆ. ಸಿಕ್ಕಿತು. ನಾನು ವೈದ್ಯೆಯ ಪತ್ರ ಕೊಟ್ಟೆ. ಅವರು ಅದನ್ನು ಪೂರ್ತಿ ಓದಿದರು, ಹಿಂದುಮುಂದು ತಿರುಗಿಸಿ ನೋಡಿದರು, ಆಮೇಲೆ ನಿಜಕ್ಕೂ ಕನಿಕರದಿಂದಲೇ ಹೇಳಿದರು: "ಮೇಡಂ, ಇದು ಆಸ್ಪತ್ರೆಯ ಕಾಗದ. ನಮ್ಮ ಇಲಾಖೆಯ ಕಾಗದ ಯಾವುದಾದರೂ ಇದೆಯೇ?" ಇರಲಿಲ್ಲ. ಅಂಥ ಕಾಗದವೊಂದು ಇಲ್ಲವೇ ಇಲ್ಲ ಎಂಬುದು ನನಗೆ ಖಚಿತವಾದದ್ದು ನಂತರ, ಒಂದು ಸಾರಿಗೆ ಕಚೇರಿಯ ಕಿಟಕಿಯಿಂದ ಕಿಟಕಿಗೆ ಅಲೆದ ಮೇಲೆ. ಯಾವ ನಮೂನೆಯೂ ಇಲ್ಲ, ಯಾವ ರಿಜಿಸ್ಟರೂ ಇಲ್ಲ, ಇಂಥ ಅರ್ಜಿ ತೆಗೆದುಕೊಳ್ಳಬೇಕಾದ ಅಧಿಕಾರಿಯೂ ಇಲ್ಲ.

ಕಾನೂನು ಏನು ಹೇಳುತ್ತದೆ ಎಂಬುದನ್ನು ನಾನು ಆಗಲೇ ಕೂತು ಓದಿದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 100ನೇ ನಿಯಮದ ಪ್ರಕಾರ ಮುಂದಿನ ಮತ್ತು ಹಿಂದಿನ ಗಾಜುಗಳು ಕಣ್ಣಿಗೆ ಕಾಣುವ ಬೆಳಕಿನಲ್ಲಿ ಕನಿಷ್ಠ ಶೇ. 70ರಷ್ಟನ್ನು, ಪಕ್ಕದ ಕಿಟಕಿಗಳು ಕನಿಷ್ಠ ಶೇ. 50ರಷ್ಟನ್ನು ಒಳಗೆ ಬಿಡಬೇಕು. ಈ ಲೆಕ್ಕವನ್ನೇ ಹಿಡಿದು ದೇಶದ ತುಂಬ ಕಪ್ಪು ಫಿಲ್ಮ್ ಮಾರಾಟವಾಗುತ್ತಿತ್ತು, ಅಂಟಿಸಿದ ಮೇಲೆ ಅಳೆಯುವವರು ಯಾರೂ ಇರಲಿಲ್ಲ. 2012ರ ಏಪ್ರಿಲ್ 27ರಂದು ಅವಿಷೇಕ್ ಗೋಯೆಂಕಾ ಅವರ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು: ನಿಯಮ ಹೇಳುವುದು ಕಾರ್ಖಾನೆಯಿಂದ ಬರುವ ಗಾಜಿನ ಬಗ್ಗೆ, ಆಮೇಲೆ ಅದರ ಮೇಲೆ ಎಷ್ಟೇ ಬೆಳಕು ಬಿಡುವ ಫಿಲ್ಮನ್ನಾಗಲಿ, ಬೇರೆ ಯಾವುದೇ ವಸ್ತುವನ್ನಾಗಲಿ ಅಂಟಿಸುವಂತಿಲ್ಲ. ಮೇ 4ರಿಂದ ಅದು ಜಾರಿಗೆ ಬಂತು. ರಸ್ತೆ ಬದಿಯಲ್ಲಿ ಕಾರುಗಳನ್ನು ನಿಲ್ಲಿಸಿ ಫಿಲ್ಮ್ ಕೀಳಿಸುತ್ತಿದ್ದ ಆ ದಿನಗಳು ನಿಮಗೂ ನೆನಪಿರಬಹುದು.

ಆ ತೀರ್ಪಿನ ಹಿಂದಿನ ಕಾಳಜಿಯನ್ನು ನಾನು ಪೂರ್ತಿ ಒಪ್ಪುತ್ತೇನೆ. ಕಪ್ಪು ಗಾಜಿನ ಹಿಂದೆ ಏನು ನಡೆಯುತ್ತಿದೆ ಎಂದು ಹೊರಗಿನವರಿಗೆ ಕಾಣದಿದ್ದರೆ ಏನಾಗುತ್ತದೆ ಎಂಬುದನ್ನು ಅದೇ ವರ್ಷದ ಡಿಸೆಂಬರಿನಲ್ಲಿ ದೆಹಲಿಯ ಆ ಬಸ್ಸು ಇಡೀ ದೇಶಕ್ಕೆ ತೋರಿಸಿತು. ರಾತ್ರಿ ಒಬ್ಬಳೇ ಟ್ಯಾಕ್ಸಿ ಹತ್ತುವ ಹೆಂಗಸಾಗಿ ನನಗೂ ಪಾರದರ್ಶಕ ಗಾಜೇ ಬೇಕು. ನನ್ನ ತಕರಾರು ಬೇರೆ. ಆ ತೀರ್ಪು ಜೆಡ್ ಮತ್ತು ಜೆಡ್ ಪ್ಲಸ್ ಭದ್ರತೆ ಇರುವವರ ವಾಹನಗಳಿಗೆ ವಿನಾಯಿತಿಯ ದಾರಿ ಇಟ್ಟಿತು. ಜೀವಕ್ಕೆ ಅಪಾಯವಿದೆ ಎಂದು ಸಮಿತಿಯೊಂದು ಪರಿಶೀಲಿಸಿ ಒಪ್ಪಿದರೆ ಗಾಜಿನ ನಿಯಮ ಸಡಿಲವಾಗಬಹುದು ಎಂಬ ತತ್ವ ಅಲ್ಲಿಯೇ ಇದೆ. ಬಿಸಿಲಿನಿಂದ ಅಪಾಯವಿರುವವರಿಗೆ ಅಂಥ ಒಂದು ಪರಿಶೀಲನೆಯ ವ್ಯವಸ್ಥೆಯೂ ಇಲ್ಲ.

ಅಮೆರಿಕದಲ್ಲಿ ಇದು ರಾಜ್ಯದಿಂದ ರಾಜ್ಯಕ್ಕೆ ಬೇರೆ ಬೇರೆ. ನ್ಯೂಯಾರ್ಕ್ ರಾಜ್ಯದ ಮಿತಿ ನಮ್ಮ ಮುಂದಿನ ಗಾಜಿನ ಮಿತಿಯಷ್ಟೇ, ಶೇ. 70. ಆದರೆ ಯಾವ ಯಾವ ರೋಗಗಳಿಗೆ ವಿನಾಯಿತಿ ಸಿಗುತ್ತದೆ ಎಂದು ಅವರು ಪಟ್ಟಿ ಮಾಡಿಟ್ಟಿದ್ದಾರೆ: ಮೈಬಣ್ಣ ಹುಟ್ಟಿನಿಂದಲೇ ಕಡಿಮೆಯಿರುವ ಆಲ್ಬಿನಿಸಂ, ಲೂಪಸ್, ಬೆಳಕು ತಾಗಿದರೆ ಚರ್ಮ ಕೆರಳುವ ಪಾರ್ಫೈರಿಯಾ, ಯುವಿಯಿಂದಾದ ಹಾನಿಯನ್ನು ಚರ್ಮ ಸರಿಪಡಿಸಿಕೊಳ್ಳಲಾರದ ಕ್ಸೆರೊಡರ್ಮಾ ಪಿಗ್ಮೆಂಟೋಸಮ್, ಔಷಧಿಯಿಂದ ಬಂದ ತೀವ್ರ ಬೆಳಕಿನ ಅಲರ್ಜಿ, ಕಣ್ಣಿನ ಅಥವಾ ನರಗಳ ತೊಂದರೆಯಿಂದ ಬೆಳಕು ತಾಳಲಾರದವರು. ವೈದ್ಯರು ಸಹಿ ಮಾಡುತ್ತಾರೆ, ಇಲಾಖೆ ಪರಿಶೀಲಿಸುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ವೈದ್ಯರ ಪತ್ರ ಕಾರಿನಲ್ಲಿದ್ದರೆ ಪಕ್ಕದ ಕಿಟಕಿಗೆ ಬಿಸಿಲು ತಡೆಯುವ ಪರದೆ ಹಾಕಬಹುದು, ಕತ್ತಲಾದ ಮೇಲೆ ಬಳಸುವಂತಿಲ್ಲ. ಚರ್ಮವೈದ್ಯರ ಪ್ರಮಾಣಪತ್ರ ಇರುವವರಿಗೆ ಬಣ್ಣವಿಲ್ಲದ ಯುವಿ ಫಿಲ್ಮಿಗೆ ಅಲ್ಲಿ ಪ್ರತ್ಯೇಕ ಅವಕಾಶವಿದೆ. ಈ ಕೊನೆಯದನ್ನು ಓದಿದಾಗ ನನಗೆ ಹೊಟ್ಟೆಕಿಚ್ಚಾಯಿತು. ನಾನು ಕೇಳುತ್ತಿರುವುದು ಅಷ್ಟನ್ನೇ.

ಏಕೆಂದರೆ ಕಪ್ಪಿಗೂ ರಕ್ಷಣೆಗೂ ಸಂಬಂಧವಿಲ್ಲ. ಯುವಿ ಕಿರಣ ಕಣ್ಣಿಗೆ ಕಾಣುವ ಬೆಳಕಲ್ಲ. ಅದನ್ನು ಹೆಚ್ಚುಕಡಿಮೆ ಪೂರ್ತಿ ತಡೆದು, ಕಾಣುವ ಬೆಳಕನ್ನು ಬಹುಪಾಲು ಬಿಡುವ ಫಿಲ್ಮ್ ಸಾಧ್ಯ, ಮಾರುಕಟ್ಟೆಯಲ್ಲೂ ಇದೆ. ಅಗ್ಗದ ಕಪ್ಪು ಫಿಲ್ಮ್ ಕಣ್ಣಿಗೆ ತಂಪೆನಿಸಿದರೂ ಯುವಿ-ಎಯನ್ನು ಎಷ್ಟು ತಡೆಯುತ್ತದೆ ಎಂಬುದಕ್ಕೆ ಅದರ ಬಣ್ಣ ಖಾತರಿಯಲ್ಲ.

ಜೆ.ಸಿ. ರಸ್ತೆಯ ಒಂದು ಅಂಗಡಿಯಲ್ಲಿ ಇದನ್ನು ಕಣ್ಣಾರೆ ಕಂಡೆ. ಅಂಗಡಿಯ ಯಜಮಾನರ ಹತ್ತಿರ ಬೆಳಕು ಅಳೆಯುವ ಸಣ್ಣ ಮೀಟರ್ ಇತ್ತು. ಎರಡು ತುಂಡು, ನಡುವೆ ಗಾಜು ಹಿಡಿಯುವಂತೆ. ನನ್ನ ಕಾರಿನ ಚಾಲಕನ ಕಿಟಕಿಗೆ ಹಿಡಿದರು: 74. ಕಾರ್ಖಾನೆಯ ಗಾಜಿನಲ್ಲೇ ತುಸು ಹಸಿರು ಇರುತ್ತದೆ, ಅದಕ್ಕೇ 74. ಬಣ್ಣವಿಲ್ಲದ ಫಿಲ್ಮಿನ ತುಂಡೊಂದನ್ನು ಗಾಜಿಗೆ ಒತ್ತಿ ಮತ್ತೆ ಹಿಡಿದರು: 66. ಪಕ್ಕದ ಕಿಟಕಿಯ ಮಿತಿ 50. ಎಷ್ಟೊಂದು ಅಂತರ! ಅದೇ ಮೀಟರಿಗೆ ಯುವಿ ಅಳೆಯುವ ಇನ್ನೊಂದು ಗುಂಡಿ ಇತ್ತು. ಬರಿಯ ಗಾಜಿನಲ್ಲಿ ಅಂಕಿ ಎದ್ದು ಕುಣಿಯಿತು, ಫಿಲ್ಮ್ ಇಟ್ಟ ಕೂಡಲೇ ಸೊನ್ನೆಯ ಹತ್ತಿರಕ್ಕೆ ಬಿತ್ತು. ಯಜಮಾನರು ನನ್ನ ಮುಖ ನೋಡಿ, "ಇದನ್ನು ರಸ್ತೆಯಲ್ಲಿ ಅಳೆದು ತೋರಿಸುವವರು ಯಾರು ಮೇಡಂ, ಉಗುರು ತಾಗಿದರೆ ದಂಡ" ಎಂದರು.

ಮುಂದಿನ ದೊಡ್ಡ ಗಾಜಿಗೆ ಈ ಫಿಲ್ಮ್ ಬೇಕಾಗಿಯೇ ಇಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಅದು ಎರಡು ಗಾಜುಗಳ ನಡುವೆ ಪ್ಲಾಸ್ಟಿಕ್ ಪದರವಿಟ್ಟು ಮಾಡಿದ ಲ್ಯಾಮಿನೇಟೆಡ್ ಗಾಜು, ಅಪಘಾತದಲ್ಲಿ ಚೂರು ಸಿಡಿಯಬಾರದೆಂದು. ಆ ಪದರ ಯುವಿ-ಎಯನ್ನೂ ತಡೆಯುತ್ತದೆ. ಪಕ್ಕದ ಕಿಟಕಿಗಳು ಸಾಮಾನ್ಯವಾಗಿ ಒಂದೇ ಪದರದ ಟೆಂಪರ್ಡ್ ಗಾಜು. 2016ರಲ್ಲಿ ಅಮೆರಿಕದಲ್ಲಿ 29 ಕಾರುಗಳನ್ನು ಅಳೆದ ಒಂದು ಅಧ್ಯಯನದಲ್ಲಿ ಮುಂದಿನ ಗಾಜು ಸರಾಸರಿ ಶೇ. 96ರಷ್ಟು ಯುವಿ-ಎ ತಡೆದರೆ ಪಕ್ಕದ ಗಾಜು ತಡೆದದ್ದು ಸರಾಸರಿ ಶೇ. 71. ಅತಿ ಕಡಿಮೆ ತಡೆದ ಗಾಜಿನಲ್ಲಿ ಅದು ಶೇ. 44ಕ್ಕೆ ಇಳಿದಿತ್ತು. ಅಂದರೆ ನಮಗೆ ರಕ್ಷಣೆ ಬೇಕಾದದ್ದು ಪಕ್ಕದ ಕಿಟಕಿಯಲ್ಲಿ. ಕಾನೂನು ಸಡಿಲ ಬಿಟ್ಟಿರುವುದೂ ಪಕ್ಕದ ಕಿಟಕಿಯಲ್ಲಿಯೇ. ಶೇ. 70ರ ಮಿತಿ ಇರುವ ಮುಂದಿನ ಗಾಜನ್ನು ನಾವು ಮುಟ್ಟಬೇಕಾಗಿಲ್ಲ. ಚಾಲಕರ ನೋಟಕ್ಕೂ ಪೊಲೀಸರ ನೋಟಕ್ಕೂ ಅಡ್ಡಿ ಬಾರದಂತೆ ಈ ಇಡೀ ಸಮಸ್ಯೆ ಬಗೆಹರಿಯುತ್ತದೆ.

ಸುಪ್ರೀಂ ಕೋರ್ಟಿನ ತೀರ್ಪು ಬಂದ ಅದೇ 2012ರ ಏಪ್ರಿಲ್‌ನಲ್ಲಿ ಅಮೆರಿಕದ ಒಂದು ಪ್ರಸಿದ್ಧ ವೈದ್ಯಕೀಯ ಪತ್ರಿಕೆ 69 ವರ್ಷದ ಟ್ರಕ್ ಚಾಲಕರೊಬ್ಬರ ಚಿತ್ರ ಪ್ರಕಟಿಸಿತ್ತು. 28 ವರ್ಷ ಟ್ರಕ್ ಓಡಿಸಿದವರು. ಅಲ್ಲಿ ಚಾಲಕರು ಕೂರುವುದು ಎಡಕ್ಕೆ. ಅವರ ಮುಖದ ಬಲಭಾಗ ವಯಸ್ಸಿಗೆ ತಕ್ಕಂತಿದೆ, ಎಡಭಾಗ ಸುಕ್ಕುಗಟ್ಟಿ, ದಪ್ಪಗಾಗಿ, ಜೋತುಬಿದ್ದಿದೆ. ಅಲ್ಲಿ ಲೂಪಸ್ಸಿನಂಥ ರೋಗದ ಮಾತಿಲ್ಲ. ಗಾಜಿನ ಮೂಲಕ ಬಂದ ಬಿಸಿಲು ಮಾತ್ರ.

ಎಲ್ಲರಿಗೂ ಬಣ್ಣವಿಲ್ಲದ ಫಿಲ್ಮ್ ಸಾಕಾಗುವುದಿಲ್ಲ. ಇದನ್ನು ನನಗೆ ಕಲಿಸಿದ್ದು ಆಸ್ಪತ್ರೆಯ ಕಾಯುವ ಕೋಣೆ. ಅಲ್ಲಿ ಪರಿಚಯವಾದ ತಾಯಿಯೊಬ್ಬರ ಮಗನಿಗೆ ಆಲ್ಬಿನಿಸಂ. ಕಣ್ಣಿನ ಪಾಪೆಯ ಸುತ್ತಲಿನ ಪೊರೆಯಲ್ಲೂ ಬಣ್ಣದ ಕಣಗಳು ಕಡಿಮೆಯಾದ್ದರಿಂದ ಬೆಳಕು ಬೇಕಾಬಿಟ್ಟಿ ಒಳಗೆ ನುಗ್ಗುತ್ತದೆ, ಹುಡುಗ ಕಣ್ಣು ಬಿಡಲಾರ. ಅವನಿಗೆ ಬೇಕಾದದ್ದು ಕಾಣುವ ಬೆಳಕೇ ತಗ್ಗಿದ ಕಿಟಕಿ. ಎರಿತ್ರೊಪೊಯೆಟಿಕ್ ಪ್ರೊಟೊಪಾರ್ಫೈರಿಯಾ ಎಂಬ ಅಪರೂಪದ ರೋಗದಲ್ಲಿ ಚರ್ಮವನ್ನು ಉರಿಸುವುದು ಮುಖ್ಯವಾಗಿ 400ರಿಂದ 410 ನ್ಯಾನೊಮೀಟರ್ ಸುತ್ತಲಿನ ನೇರಳೆ ಬೆಳಕು. ಅದು ಯುವಿಯ ಗಡಿ ದಾಟಿದ್ದು, ಸಾಮಾನ್ಯ ಸನ್‌ಸ್ಕ್ರೀನ್ ಅದನ್ನು ತಡೆಯಲಾರದು. ಇಂಥವರಿಗೆ ನಿಜವಾದ ವಿನಾಯಿತಿ, ಅಂದರೆ ಶೇ. 50ರ ಮಿತಿಗಿಂತಲೂ ಕೆಳಗೆ ಹೋಗುವ ಅನುಮತಿ ಬೇಕಾಗಬಹುದು. ಅಂಥದ್ದನ್ನು ಹಿಂದಿನ ಸೀಟಿನ ಕಿಟಕಿಗಳಿಗೆ, ತಜ್ಞರ ಪರಿಶೀಲನೆಯ ಮೇಲೆ ಕೊಡಬೇಕು. ಇನ್ನು ಮೈಗ್ರೇನಿನಿಂದ ಬೆಳಕು ತಾಳಲಾರದ ಅನೇಕರಿಗೆ ಎಫ್‌ಎಲ್-41 ಎಂಬ ಗುಲಾಬಿ ಛಾಯೆಯ ಕನ್ನಡಕ ನೆರವಾಗುತ್ತದೆ, ಅವರು ಕಾರಿನ ಗಾಜಿಗೆ ಕೈಹಾಕಬೇಕಾಗಿಲ್ಲ.

ಈಗ ಆ ತಾಯಿ ಮಾಡುತ್ತಿರುವುದೇನು ಗೊತ್ತೇ? ದಪ್ಪ ಟವೆಲ್ಲಿನ ಒಂದು ಅಂಚನ್ನು ಹಿಂದಿನ ಎಡಕಿಟಕಿಯ ಮೇಲೆ ಸಿಕ್ಕಿಸಿ ಗಾಜು ಏರಿಸುತ್ತಾರೆ. ಟವೆಲ್ ಗಾಳಿಗೆ ಉಬ್ಬಿ ಮುಂದಕ್ಕೆ ಬರುತ್ತದೆ. ಲೇನ್ ಬದಲಿಸುವಾಗ ಎಡಗಡೆಯಿಂದ ನುಗ್ಗುವ ಬೈಕುಗಳು ಕಾಣುವುದಿಲ್ಲ, ಹುಡುಗ ಟವೆಲ್ ಹಿಡಿದುಕೊಂಡೇ ಇರಬೇಕು. ನಮ್ಮ ನಗರದಲ್ಲಿ ಕಾರುಗಳ ಕಿಟಕಿಯಿಂದ ಇಣುಕುವ ಟವೆಲ್ಲು, ದುಪಟ್ಟಾ, ಮಗುವಿನ ಹೊದಿಕೆ ನೀವೂ ನೋಡಿರುತ್ತೀರಿ. ಶೇ. 66 ಬೆಳಕು ಬಿಡುವ ಫಿಲ್ಮ್ ಅಪರಾಧ, ಬೆಳಕೇ ಬಿಡದ ಟವೆಲ್ ಕಣ್ಣಿಗೆ ಬೀಳದ ವಸ್ತು. ಇದರಿಂದ ರಸ್ತೆಗೆ ಯಾವ ಸುರಕ್ಷತೆ ಬಂತು?

ತುಂಬುತೋಳಿನ ಅಂಗಿ, ಕೈಗವಸು ಹಾಕಿಕೊಳ್ಳಿ ಎನ್ನುವವರಿದ್ದಾರೆ. ಹಾಕಿಕೊಳ್ಳುತ್ತೇನೆ. ಸನ್‌ಸ್ಕ್ರೀನನ್ನು ಎರಡು ಗಂಟೆಗೊಮ್ಮೆ ಹಚ್ಚುತ್ತೇನೆ, ಲೂಪಸ್ಸಿಗೆ ಕೊಡುವ ಹೈಡ್ರಾಕ್ಸಿಕ್ಲೋರೊಕ್ವಿನ್ ಮಾತ್ರೆ ತಪ್ಪದೆ ನುಂಗುತ್ತೇನೆ, ಆ ಮಾತ್ರೆಗಾಗಿ ಕಣ್ಣಿನ ಪರೀಕ್ಷೆ ಮಾಡಿಸುತ್ತೇನೆ. ಮುಖಕ್ಕೆ ಹಾಕುವ ಗವಸು ಮಾತ್ರ ಇಲ್ಲ.

ಕಾನೂನಿನ ಬಾಗಿಲು ಪೂರ್ತಿ ಮುಚ್ಚಿಲ್ಲ ಎನ್ನುವುದಕ್ಕೂ ಕಾರಣವಿದೆ. 100ನೇ ನಿಯಮಕ್ಕೆ ಮಾಡಿದ ತಿದ್ದುಪಡಿ 2021ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರಲ್ಲಿ ಸುರಕ್ಷಾ ಗಾಜಿನ ಜೊತೆಗೆ ಸುರಕ್ಷಾ ಗ್ಲೇಜಿಂಗ್ ಎಂಬ ಪದವೂ ಸೇರಿತು, ಒಳಮೈಗೆ ಪ್ಲಾಸ್ಟಿಕ್ ಪದರವಿರುವ ಗಾಜು ಅದರಲ್ಲಿ ಬರುತ್ತದೆ. 2024ರ ಸೆಪ್ಟೆಂಬರಿನಲ್ಲಿ ಕೇರಳ ಹೈಕೋರ್ಟಿನ ನ್ಯಾಯಮೂರ್ತಿ ಎನ್. ನಗರೇಶ್ ಇದನ್ನು ಆಧರಿಸಿ, 70 ಮತ್ತು 50ರ ಮಿತಿ ಪಾಲಿಸುವ ಫಿಲ್ಮಿಗೆ ದಂಡ ಹಾಕುವಂತಿಲ್ಲ ಎಂದು ತೀರ್ಪು ಕೊಟ್ಟರು. ಸುಪ್ರೀಂ ಕೋರ್ಟಿನ 2012ರ ತೀರ್ಪು ಹಳೆಯ ನಿಯಮದ ಮೇಲೆ ಬಂದದ್ದು ಎಂಬುದು ಅವರ ವಾದಸರಣಿ. ನನ್ನ ಪಾಲಿಗೆ ಅದು ಹಬ್ಬದ ಸುದ್ದಿ. ಆದರೆ ಕೇರಳದ ತೀರ್ಪು ಕರ್ನಾಟಕದ ಪೊಲೀಸರನ್ನು ಕಟ್ಟಿಹಾಕುವುದಿಲ್ಲ. ತೀರ್ಪಿನ ಪ್ರತಿಯನ್ನು ಡ್ಯಾಶ್‌ಬೋರ್ಡಿನಲ್ಲಿ ಇಟ್ಟುಕೊಂಡು, ಸಿಗ್ನಲ್ಲಿನಲ್ಲಿ ಹಿಂದಿನ ವಾಹನಗಳು ಹಾರ್ನ್ ಹೊಡೆಯುವಾಗ ವಾದ ಮಾಡುವುದು ರೋಗಿಗಳ ಕೆಲಸವಾಗಬಾರದು. 500 ರೂಪಾಯಿ ದಂಡ ನನಗೆ ದೊಡ್ಡದಲ್ಲ. ಬಿಸಿಲಿನಲ್ಲಿ ಕಾರಿನಿಂದ ಇಳಿದು ನಿಲ್ಲಬೇಕಾಗುವುದು ದೊಡ್ಡದು.

ಅಂಗವಿಕಲರ ಕಾರ್ಡಿನ ಮೂಲಕ ಮಾಡಿಸಿಕೊಳ್ಳಿ ಎಂಬ ಸಲಹೆಯೂ ಬಂತು. 2016ರ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯಗಳ ಪಟ್ಟಿಯಿದೆ. ಲೂಪಸ್ ಅದರಲ್ಲಿಲ್ಲ, ಪಾರ್ಫೈರಿಯಾ ಇಲ್ಲ. ಆ ಹುಡುಗನ ದೃಷ್ಟಿ ನಿಗದಿತ ಮಟ್ಟಕ್ಕಿಂತ ಕಡಿಮೆಯಿದ್ದರೆ ಮಂದದೃಷ್ಟಿಯ ಹೆಸರಿನಲ್ಲಿ ಕಾರ್ಡ್ ಸಿಗಬಹುದು, ಆದರೆ ಕಾರಿನ ಗಾಜಿಗೆ ಅದು ಏನನ್ನೂ ಕೊಡುವುದಿಲ್ಲ.

ಸುಳ್ಳು ಪ್ರಮಾಣಪತ್ರ ತರುವವರ ಬಗ್ಗೆ ಪೊಲೀಸರಿಗೆ ಅನುಮಾನವಿದ್ದರೆ ಅದು ನ್ಯಾಯವೇ. ಹಣ ಕೊಟ್ಟು ಚೀಟಿ ಬರೆಸಿಕೊಂಡು ಕಪ್ಪು ಗಾಜಿನಲ್ಲಿ ಮೆರೆಯುವವರು ಬಂದೇ ಬರುತ್ತಾರೆ. ಆದ್ದರಿಂದಲೇ ಸಾರಿಗೆ ಆಯುಕ್ತರಿಗೆ ನಾನು ಬರೆದಿರುವ ಪತ್ರದಲ್ಲಿ ಖಾಸಗಿ ವೈದ್ಯರ ಚೀಟಿಯೊಂದೇ ಸಾಕು ಎಂದು ಕೇಳಿಲ್ಲ. ಸರ್ಕಾರಿ ಆಸ್ಪತ್ರೆಯ ಚರ್ಮರೋಗ ಅಥವಾ ನೇತ್ರ ವಿಭಾಗ ದೃಢೀಕರಿಸಲಿ. ಅನುಮತಿ ಎರಡು ವರ್ಷಕ್ಕೆ ಸೀಮಿತವಾಗಿರಲಿ, ವಾಹನ ಮಾರಿದ ದಿನವೇ ರದ್ದಾಗಲಿ. ಅಂಟಿಸಿದ ಮೇಲೆ ಮೀಟರಿನಲ್ಲಿ ಅಳೆದ ಅಂಕಿಯನ್ನು ನೋಂದಣಿ ಸಂಖ್ಯೆಯ ಜೊತೆಗೆ ವಾಹನ್ ಎಂಬ ಸರ್ಕಾರಿ ನೋಂದಣಿ ದತ್ತಾಂಶದಲ್ಲಿ ಸೇರಿಸಲಿ, ರಸ್ತೆಯಲ್ಲಿ ನಿಲ್ಲಿಸಿದವರು ಸಂಖ್ಯೆ ಹಾಕಿದ ಕೂಡಲೇ ಕಾಣಲಿ. ರೋಗದ ಹೆಸರು ಅಲ್ಲಿ ಇರಬೇಕಾಗಿಲ್ಲ, ನನ್ನ ಲೂಪಸ್ ಸಿಗ್ನಲ್ಲಿನಲ್ಲಿ ಚರ್ಚೆಯಾಗಬೇಕಾಗಿಲ್ಲ.

ಈ ಪತ್ರವನ್ನು ಇನ್ನಷ್ಟು ಜನರ ಪರವಾಗಿ ಮತ್ತೊಮ್ಮೆ ಕಳುಹಿಸುತ್ತಿದ್ದೇನೆ. ಬೆಳಕಿನಿಂದ ತೊಂದರೆಯಿರುವ ಯಾವುದೇ ರೋಗ ನಿಮಗಿದ್ದರೆ, ಅಥವಾ ಅಂಥ ಮಗು ನಿಮ್ಮ ಮನೆಯಲ್ಲಿದ್ದರೆ, ನನಗೆ ಬರೆಯಿರಿ. ವೈದ್ಯಕೀಯ ವರದಿ ಕಳುಹಿಸಬೇಡಿ. ಯಾವ ಊರು, ಕಾರಿನಲ್ಲಿ ಯಾವ ಸೀಟು, ಈಗ ಕಿಟಕಿಗೆ ಏನು ಕಟ್ಟಿಕೊಳ್ಳುತ್ತಿದ್ದೀರಿ, ಇಷ್ಟು ತಿಳಿಸಿದರೆ ಸಾಕು.